ಮೆಲುದನಿಯ ಗೌಡ

ನಾಟಕ ಕಂಪನಿ ಸೇರಿ ಹದಿಮೂರು ವರ್ಷವಾಗಿದ್ದರೂ ಗೋಡೆಗೆ ಹಚ್ಚುವ ಜಾಹೀರಾತಿನ ಮೇಲೆ ಪರಮಾನಂದನ ಹೆಸರು ಒಂದು ಸಲವೂ ಬಂದಿರಲಿಲ್ಲ. ಸಿಪಾಯಿ, ಟಪಾಲಿನವ, ನಾಯಕನ ಗೆಳೆಯ, ಮದುವೆ ಮನೆಯಲ್ಲಿ ಎರಡು ಮಾತಾಡಿ ಒಳಗೆ ಹೋಗುವ ಸೋದರಮಾವ, ಇಂಥವೇ ಅವನ ಪಾಲಿಗೆ ಬಂದ ಪಾತ್ರಗಳು. ಆಳು ಎತ್ತರ, ಮುಖದಲ್ಲಿ ಎಲುಬು ಎದ್ದು ಕಾಣುತ್ತಿದ್ದವು, ಕಣ್ಣು ದೊಡ್ಡವು. ದನಿ ಮಾತ್ರ ಸಣ್ಣದು. ಕಂಪನಿಯ ಮಾಲೀಕರಾದ ಚನ್ನಬಸಯ್ಯನವರು ಅವನು ಸೇರಿದ ವರ್ಷವೇ, "ನಿನ್ನ ಧ್ವನಿ ಮೂರನೇ ಸಾಲಿಗೆ ಹೋಗೂದ್ರಾಗ ಸತ್ತ ಹೋಗತೈತಿ" ಎಂದು ಹೇಳಿಬಿಟ್ಟಿದ್ದರು. ಅವನೂ ಅದನ್ನು ಒಪ್ಪಿಕೊಂಡು ಸಣ್ಣ ಪಾತ್ರಗಳಲ್ಲೇ ದಿನ ತೆಗೆದಿದ್ದ.

ಅವನ ಊರು ಸಿಂದಗಿ ತಾಲೂಕಿನ ಯಂಕಂಚಿಯಿಂದ ಎರಡು ಹರದಾರಿ ಆಚೆಗೆ, ನೂರು ಮನೆಯ ಹಳ್ಳಿ. ಊರ ಸುತ್ತಲಿನ ಕಪ್ಪು ಎರಿ ಹೊಲದಲ್ಲಿ ಮುಕ್ಕಾಲು ಭಾಗ ಬಸಂತರಾಯಗೌಡರದು. ಅದರಲ್ಲಿ ಆರು ಎಕರೆಯನ್ನು ಪರಮಾನಂದನ ಅಪ್ಪ ಪಾಲಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಗೌಡರ ವಾಡೆಗೆ, ಅರ್ಧ ಮನೆಗೆ.

ಬಸಂತರಾಯಗೌಡರು ಎಂದೂ ಯಾರಿಗೂ ಬೈದವರಲ್ಲ, ಹೊಡೆದವರಲ್ಲ. ಪರಮಾನಂದ ಎಂಟು ವರ್ಷದವನಿದ್ದಾಗ ಅಪ್ಪನ ಜೊತೆ ಒಮ್ಮೆ ವಾಡೆಗೆ ಹೋಗಿದ್ದ. ಗೌಡರು ಪಡಸಾಲೆಯ ಗಾದಿಯ ಮೇಲೆ ಕೂತು ಅಡಕೊತ್ತಿನಲ್ಲಿ ಅಡಕೆ ಕತ್ತರಿಸುತ್ತಿದ್ದರು. ಮುಂದೆ ಗುರಪ್ಪನೆಂಬ ಇನ್ನೊಬ್ಬ ಪಾಲಿನ ರೈತ ಕೈಕಟ್ಟಿ ನಿಂತಿದ್ದ. ಗುರಪ್ಪ ಸಿಂದಗಿಯ ಕಚೇರಿಗೆ ಹೋಗಿ ಗೌಡರ ಮೇಲೆ ಏನೋ ದೂರು ಹೇಳಿ ಬಂದಿದ್ದಾನೆಂದು ಊರಲ್ಲಿ ಸುದ್ದಿಯಿತ್ತು. ಗೌಡರು ಆ ಮಾತನ್ನೇ ಎತ್ತಲಿಲ್ಲ. ಅಡಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು, ಮಗ್ಗುಲಲ್ಲಿ ಮಲಗಿದ ಕೂಸು ಎದ್ದೀತೆಂಬ ಹಾಗೆ ಮೆಲ್ಲಗೆ ಕೇಳಿದರು.

"ಗುರಪ್ಪಾ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?"

"ಹೌದ್ರೀ, ನಿಮ್ಮ ಆಶೀರ್ವಾದ್ರಿ" ಎಂದು ಗುರಪ್ಪ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಹೊಸ್ತಿಲು ದಾಟಿದ್ದು ಹುಡುಗನಿಗೆ ಕಂಡಿತು.

ಮೂರನೆಯ ದಿನ ಮಟಮಟ ಮಧ್ಯಾಹ್ನ ಗುರಪ್ಪನ ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ಅದರ ನೆರಳಿಗೆ ಕಟ್ಟಿದ್ದ ಕರು ಅಲ್ಲಿಯೇ ಸುಟ್ಟುಹೋಯಿತು. ಯಾರು ಬಂದರು, ಯಾರು ಹೋದರು, ಕಂಡವರಿಲ್ಲ. ಅವತ್ತು ಉಣ್ಣಲು ಕೂತಾಗ ಅಪ್ಪ ತಲೆ ತಗ್ಗಿಸಿಕೊಂಡು, "ಗೌಡ್ರು ಅವನ್ನ ಆರಾಮ ಕೇಳಿದ್ರು" ಎಂದಷ್ಟೇ ಹೇಳಿದ. ಅವ್ವ ಹೊನ್ನವ್ವ ರೊಟ್ಟಿ ಬಡಿಯುವ ಕೈಯನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ಬಡಿದಳು. ಆಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ಆರಾಮವೇ ಎಂದು ಕೇಳುತ್ತಿರಲಿಲ್ಲ.

ಅಪ್ಪ ಜ್ವರದಲ್ಲಿ ತೀರಿಕೊಂಡ. ಹೊನ್ನವ್ವ ಗಂಡಸರಂತೆ ಸೆರಗು ಕಟ್ಟಿ ಹೊಲ ಹಿಡಿದಳು. ಮಗನಿಗೆ ಹತ್ತೊಂಬತ್ತು ತುಂಬಿದಾಗ ಗೌಡರು ಅವನನ್ನು ವಾಡೆಯ ದಗದ-ಕೆಲಸಕ್ಕೆ ಕಳಿಸೆಂದು ಹೇಳಿ ಕಳಿಸಿದರು. ಅದೇ ವಾರ ಇಂಡಿ ಊರಲ್ಲಿ ಚನ್ನಬಸಯ್ಯನವರ ನಾಟಕ ಕಂಪನಿ ಮುಕ್ಕಾಂ ಹೂಡಿತ್ತು. ಸಾಲೆಯ ಗ್ಯಾದರಿಂಗಿನಲ್ಲಿ ಅವನು ಪಾರ್ಟು ಮಾಡಿದ್ದು ಹೊನ್ನವ್ವನಿಗೆ ನೆನಪಿತ್ತು. ಬುತ್ತಿ ಕಟ್ಟಿಕೊಟ್ಟು, "ಹೋಗಿ ಅವ್ರ ಕೂಡ ಇರು. ನಾ ಕರಿಯೂತನಾ ಬರಬ್ಯಾಡ" ಎಂದು ಅವಳೇ ಮಗನನ್ನು ಊರು ದಾಟಿಸಿದಳು.

ಹೀಗೆ ಅವನು ನಟನಾದ.

ಎಪ್ಪತ್ಮೂರನೆಯ ಇಸವಿಯಲ್ಲಿ ಕಂಪನಿ ಮುದ್ದೇಬಿಹಾಳದಲ್ಲಿತ್ತು. ಚನ್ನಬಸಯ್ಯನವರು ‘ಬದುವಿನ ಬೆಂಕಿ’ ಎಂಬ ಹೊಸ ನಾಟಕ ಬರೆಸಿದ್ದರು. ಪಾಲಿನ ರೈತನ ಹೊಲ ಕಸಿದುಕೊಳ್ಳುವ ಗೌಡ, ಅವನಿಗೆ ಎದುರು ನಿಲ್ಲುವ ರೈತನ ಹೆಂಡತಿ, ಇಷ್ಟೇ ಕಥೆ. ಗೌಡನ ಪಾತ್ರದವನು ಗಂಟಲು ಕೆಡಿಸಿಕೊಂಡು ಊರಿಗೆ ಹೋದ. ಆಟಕ್ಕೆ ಇನ್ನು ಐದೇ ದಿನ ಉಳಿದಿತ್ತು. ಬೇರೆ ಯಾರೂ ಸಿಗದೆ ಆ ಪಾತ್ರವನ್ನು ಪರಮಾನಂದನಿಗೆ ಕೊಟ್ಟರು.

ತಾಲೀಮಿನಲ್ಲಿ ಅವನು ಮೀಸೆ ತಿರುವಿದ, ಕಣ್ಣು ಕೆಂಪಗೆ ಮಾಡಿದ, ಇದ್ದ ದನಿಯನ್ನೆಲ್ಲ ಎಳೆದು ಕೂಗಿದ. ರೈತನ ಹೆಂಡತಿಯ ಪಾತ್ರ ಸುಲ್ತಾನಬಿಯದು. ಅವಳು ಕಂಪನಿಯ ಹಿರಿಯ ನಟಿ, ಹದಿನೈದು ವರ್ಷದಿಂದ ನಾಯಕಿ. ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದಳು.

"ತಮ್ಮಾ, ನನಗ ಅಂಜಿಕಿನ ಬರವಲ್ಲದು" ಎಂದಳು. "ಬಸ್‌ಸ್ಟ್ಯಾಂಡಿನ್ಯಾಗ ಊರ ಹೆಸರ ಕೂಗಿದಂಗ ಕೂಗಾಕತ್ತಿ. ನಿನಗ ಖರೇನ ಅಂಜಿಕಿ ಹಚ್ಚಿದ ಮನಷ್ಯಾ ಯಾರರೆ ಅದಾರೇನು?"

ಪರಮಾನಂದ, "ಅದಾರಕ್ಕಾ" ಎಂದ.

"ಅವ್ರನ್ನ ತಂದು ಇಲ್ಲಿ ನಿಂದರಸು."

ಅವನು ಒಂದು ಖುರ್ಚಿ ಎಳೆದು ಕೂತ. ಇಲ್ಲದ ಅಡಕೆಯನ್ನು ಇಲ್ಲದ ಅಡಕೊತ್ತಿನಲ್ಲಿ ಕತ್ತರಿಸಿದ. ತಲೆ ಸ್ವಲ್ಪ ಎಡಕ್ಕೆ ವಾಲಿಸಿ, ಪುಸ್ತಕದಲ್ಲಿ ಇಲ್ಲದ ಮಾತನ್ನು ಮೆಲ್ಲಗೆ ಆಡಿದ.

"ಯವ್ವಾ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?"

ಹಾರ್ಮೋನಿಯಂ ನುಡಿಸುತ್ತಿದ್ದ ರಾಘವೇಂದ್ರ ಮಾಸ್ತರರ ಬೆರಳು ನಿಂತವು. ಸುಲ್ತಾನಬಿ ಗಾಳಿ ಹಾಕಿಕೊಳ್ಳುತ್ತಿದ್ದ ಸೆರಗನ್ನು ಹೆಗಲ ತುಂಬ ಹೊದ್ದಳು. ಚನ್ನಬಸಯ್ಯನವರು ಮೈಕು ಕಟ್ಟುವವನನ್ನು ಕರೆದು, ಗೌಡನ ಖುರ್ಚಿಯ ನೆತ್ತಿಗೆ ಸರಿಯಾಗಿ ಇನ್ನೊಂದು ಮೈಕು ಇಳಿಬಿಡಲು ಹೇಳಿದರು.

ಮುದ್ದೇಬಿಹಾಳದಲ್ಲಿ ಆ ನಾಟಕ ನಾಲ್ಕು ತಿಂಗಳು ನಡೆಯಿತು. ಜಾಹೀರಾತಿನಲ್ಲಿ ಅವನ ಹೆಸರು ನಾಯಕನ ಹೆಸರಿಗಿಂತ ಮೇಲೆ ಬಂತು. ಮಂದಿ ಅವನನ್ನು ‘ಮೆಲುದನಿಯ ಗೌಡ’ ಎಂದು ಕರೆಯತೊಡಗಿದರು. ಹದಿಮೂರು ವರ್ಷ ಕಾದ ಮನುಷ್ಯನಿಗೆ ಇದು ಸಣ್ಣ ಸುಖವಲ್ಲ. ಹೊಸ ಅಂಗಿ ಹೊಲಿಸಿದ, ಪೇಟೆಯಲ್ಲಿ ಸುಮ್ಮನೆ ನಡೆದಾಡಿದ. ಆದರೆ ಆ ಸುಖದಲ್ಲಿ ಬೇರೊಂದು ಬೆರೆತಿರುವುದು ಅವನಿಗೆ ಬೇಗ ತಿಳಿಯಿತು. ಚಹಾದಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಒಬ್ಬ ಮುದುಕಿ ದಾರಿಯಲ್ಲಿ ಅಡ್ಡ ನಿಂತು ಅವನ ಮುಖ ನೋಡಿ, "ನನ್ನ ಅಣ್ಣನ ಮನಿ ಹಾಳ ಮಾಡಿದಾಂವ ನಿನ್ನಂಗನ ಮಾತಾಡತಿದ್ದ" ಎಂದು ಹೇಳಿ ಸರಿದು ಹೋದಳು. ಪ್ರತಿ ಹಳ್ಳಿಯವರೂ ಆ ದನಿಯಲ್ಲಿ ತಮ್ಮ ಊರಿನ ಯಾರನ್ನೋ ಕೇಳುತ್ತಿದ್ದರು. ಅಸಲಿಗೆ ಅದು ಯಾರದೆಂದು ಅವನೊಬ್ಬನಿಗೆ ಗೊತ್ತು. ರಂಗದ ಮೇಲೆ ಆ ಮಾತು ಆಡಿದಾಗಲೆಲ್ಲ ಮಂದಿಯನ್ನು ಅಂಜಿಸುತ್ತಿದ್ದ ಅವನು ಅವರಿಗಿಂತ ಮೊದಲು ತಾನೇ ಅಂಜುತ್ತಿದ್ದ.

ಕಂಪನಿ ಬಸವನ ಬಾಗೇವಾಡಿಗೆ ಬಂತು. ಎಪ್ಪತ್ತೈದರ ಮಳೆಗಾಲ. ಒಂದು ಮಧ್ಯಾಹ್ನ ಹೊನ್ನವ್ವ ಬಸ್ಸಿಳಿದು ಥೇಟರು ಹುಡುಕಿಕೊಂಡು ಬಂದಳು. ಅವಳು ಹೀಗೆ ಬಂದದ್ದು ಅದೇ ಮೊದಲು. ಮಗ ಕೊಟ್ಟ ನೀರು ಕುಡಿದು, ಸೆರಗಿನ ಗಂಟಿನಿಂದ ನಾಲ್ಕಾಗಿ ಮಡಚಿದ ಒಂದು ರಸೀದಿ ತೆಗೆದು ಅವನ ಮುಂದೆ ಇಟ್ಟಳು. ಉಳುವವನಿಗೇ ಹೊಲವೆಂಬ ಕಾಯ್ದೆ ಬಂದಿದೆ, ಆರು ಎಕರೆ ತನ್ನ ಹೆಸರಿಗೆ ಮಾಡಿಕೊಡಿ ಎಂದು ಅವಳು ಸಿಂದಗಿಯ ಟ್ರಿಬ್ಯೂನಲ್ಲಿಗೆ, ಹೊಲದ ನ್ಯಾಯ ಮಂಡಳಿಗೆ, ಅರ್ಜಿ ಕೊಟ್ಟು ಬಂದಿದ್ದಳು.

ಪರಮಾನಂದ ರಸೀದಿ ಬಿಚ್ಚಿ ಓದಿದ. "ಯಾರಿಗಿ ಕೇಳಿ ಹಾಕಿದಿ ಯವ್ವಾ? ಊರಾಗ ಇನ್ನ ಯಾರರೆ ಹಾಕ್ಯಾರೇನು?"

"ಯಾರೂ ಇಲ್ಲ."

"ವಾಪಸ್ ತಗೋ. ಹೊಲ ಹೋದ್ರ ಹೋಗ್ಲಿ. ನೀ ನನ್ನ ಕೂಡ ಇದ್ದಬಿಡು."

"ನಿಮ್ಮಪ್ಪ ಹಿಡದ ನೇಗಿಲ ಮೇಳಿ ಅದು" ಎಂದಳು ಹೊನ್ನವ್ವ. "ನೀ ಇಲ್ಲಿ ಏನೇನೋ ವೇಷ ಹಾಕತಿಯಂತ. ನಾ ಅದೊಂದ ವೇಷ ಹಾಕೇನಿ ಜಲಮದಾಗ. ಬಿಚ್ಚಂಗಿಲ್ಲ." ಆಟ ನೋಡಿಕೊಂಡು ಹೋಗೆಂದರೂ ನಿಲ್ಲದೆ ಎತ್ತಿಗೆ ಮೇವು ಹಾಕುವವರಿಲ್ಲವೆಂದು ಐದರ ಬಸ್ಸಿಗೆ ಹೊರಟುಹೋದಳು.

ಅದಾಗಿ ಹದಿನೈದು ದಿನಕ್ಕೆ ಮುಂದಿನ ಸಾಲಿನ ಖುರ್ಚಿಯಲ್ಲಿ ಒಬ್ಬ ಗಿಡ್ಡ ಮನುಷ್ಯ ಕೂತಿರುವುದು ಪರಮಾನಂದನ ಕಣ್ಣಿಗೆ ಬಿತ್ತು. ಹಾಸ್ಯದ ಸೀನಿನಲ್ಲಿ ಎಲ್ಲರೂ ನಗುವಾಗ ಅವನು ನಗಲಿಲ್ಲ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಮೂರನೆಯ ದಿನ ಆಟಕ್ಕೆ ಮುಂಚೆ ಅವನೇ ಹಿಂದೆ ಬಂದು ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತ. ಗೌಡರ ವಾಡೆಯ ರೇವಣಪ್ಪ. ತಲೆ ನರೆತಿತ್ತು. ಪರಮಾನಂದ ಚಿಕ್ಕವನಿದ್ದಾಗ ಗೌಡರ ಹಿಂದೆ ಛತ್ರಿ ಹಿಡಿದು ನಡೆಯುತ್ತಿದ್ದವನು ಇವನೇ.

"ಛಲೋ ಮಾಡ್ತಿ ಪರಮಾನಂದ" ಎಂದ. "ಗೌಡ್ರಿಗಿ ಹೇಳೇನಿ. ಮುಂದಿನ ಮುಕ್ಕಾಂ ಸಿಂದಗಿ ಅಲ್ಲೇನು? ಗೌಡ್ರ ಬರ್ತಾರ."

"ಯಾವಾಗ ಬರ್ತಾರ?"

"ಬರ್ತಾರ" ಎಂದು ರೇವಣಪ್ಪ ಕನ್ನಡಿಯಲ್ಲಿ ಒಮ್ಮೆ ಅವನ ಮುಖ ನೋಡಿ ಹೊರಟ.

ಸಿಂದಗಿಯಲ್ಲಿ ದೀಪಾವಳಿ ಮುಗಿದ ಮೇಲೆ ತಗಡಿನ ಥೇಟರು ಎದ್ದಿತು. ಆರೂಕಾಲಿನ ಆಟಕ್ಕೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಮಂದಿ ಬರುತ್ತಿದ್ದರು. ಪರಮಾನಂದ ದಿನಾ ಪರದೆಯ ಸಂದಿಯಲ್ಲಿ ಇಣುಕಿ ಮುಂದಿನ ಸಾಲು ನೋಡುತ್ತಿದ್ದ. ಗೌಡರು ಇರುತ್ತಿರಲಿಲ್ಲ. ಇಲ್ಲವೆಂದು ನೆಮ್ಮದಿಯೂ ಆಗುತ್ತಿರಲಿಲ್ಲ. ತಿಂಗಳು ಕಳೆಯಿತು, ಎರಡು ತಿಂಗಳಾಯಿತು. ಊಟ ಸೇರದೆ ಅವನ ಅಂಗಿ ಹೆಗಲಲ್ಲಿ ಸಡಿಲವಾಯಿತು.

ಸಂಕ್ರಾಂತಿಯ ಹೊತ್ತಿಗೆ ಊರ ಕಡೆಯಿಂದ ಬಂದವರು ಒಂದು ಸುದ್ದಿ ತಂದರು. ಹೊನ್ನವ್ವನ ಹೊಲದ ಜೋಳ ಹಾಲುಗಾಳು ಹಿಡಿದು ನಿಂತಿತ್ತು. ಒಂದು ದಿನ ಬೆಳಗ್ಗೆ ಹೋಗಿ ನೋಡಿದರೆ ನಟ್ಟನಡುವೆ ಒಂದಿಷ್ಟು ಬೆಳೆಯನ್ನು ಬುಡಕ್ಕೆ ಕೊಯ್ದು ಹಾಕಿದ್ದಾರೆ. ಹಗ್ಗ ಹಿಡಿದು ಅಳೆದಂತೆ ನೆಟ್ಟಗೆ, ಆರು ಮೊಳ ಉದ್ದ, ಎರಡು ಮೊಳ ಅಗಲ. ಸುತ್ತಲಿನ ಒಂದು ತೆನೆಗೂ ಕೈ ಹಚ್ಚಿಲ್ಲ. ಕೊಯ್ದ ದಂಟನ್ನು ಒಯ್ದೂ ಇಲ್ಲ, ಅಲ್ಲಿಯೇ ಒಪ್ಪವಾಗಿ ಹಾಸಿಟ್ಟಿದ್ದಾರೆ. ಒಬ್ಬ ಮನುಷ್ಯ ಮಲಗುವಷ್ಟು ಜಾಗ.

ಅವತ್ತಿನ ಆಟದಲ್ಲಿ ಪರಮಾನಂದ ಆ ದನಿ ಬಿಟ್ಟುಬಿಟ್ಟ. ಮೀಸೆ ತಿರುವಿ, ತೊಡೆ ತಟ್ಟಿ ಗರ್ಜಿಸಿದ. ನೆಲದ ಮೇಲೆ ಕೂರುವ ಅಗ್ಗದ ಟಿಕೀಟಿನವರು ಗೇಲಿಯ ಸಿಳ್ಳು ಹಾಕಿದರು. ಆಟ ಮುಗಿದ ಮೇಲೆ ಚನ್ನಬಸಯ್ಯನವರು ಅವನನ್ನು ಕರೆಸಿದರು. ಸುಲ್ತಾನಬಿಯೂ ಅಲ್ಲಿದ್ದಳು. ಅವನು ಅಪ್ಪನಿಂದ ಹಿಡಿದು ಜೋಳದವರೆಗೆ ಎಲ್ಲವನ್ನೂ ಹೇಳಿದ. ಚನ್ನಬಸಯ್ಯನವರು ವಿಭೂತಿಯ ಹಣೆ ತಿಕ್ಕಿಕೊಂಡರು.

"ಇಷ್ಟ ದಿನಾ ನೀ ಪಾರ್ಟ ಮಾಡತಿದ್ದಿ ಅಂತ ತಿಳಕೊಂಡಿದ್ದೆ" ಎಂದರು. "ಈ ತಾಲೂಕಿನ್ಯಾಗ ಅವ್ರ ಮಾತಿಗಿ ಬೆಲೆ ಐತಿ. ನಾಳಿಂದ ಪುರಾಣದ ಆಟ ಹಚ್ಚೂಣು. ಇದನ್ನ ಬಂದ್ ಮಾಡೂಣು."

ಹದಿನೈದು ದಿನ ಪುರಾಣದ ಆಟ ನಡೆಯಿತು. ಪರಮಾನಂದ ಋಷಿಯ ಗಡ್ಡ ಕಟ್ಟಿ ನಿಂತ. ಕುತ್ತಿಗೆಯ ಮೇಲಿನ ಭಾರ ಇಳಿಯಿತೆಂದು ಅವನಿಗೆ ಅನ್ನಿಸತೊಡಗಿದಾಗಲೇ ಒಂದು ಬೆಳಗ್ಗೆ ಥೇಟರಿನ ಮುಂದೆ ಜೀಪು ನಿಂತಿತು. ರೇವಣಪ್ಪ ಇಳಿದು ಚನ್ನಬಸಯ್ಯನವರ ಮುಂದೆ ಬಂದು ನಿಂತ.

"ಅಯ್ಯಾರ, ಶುಕ್ರವಾರ ಗೌಡ್ರ ಬರ್ತಾರ್ರಿ. ‘ಬದುವಿನ ಬೆಂಕಿ’ನ ನೋಡಬೇಕಂದಾರ. ಎರಡ ಖುರ್ಚಿ ಇಡ್ರಿ."

"ಒಂದ ಗೌಡ್ರಿಗಿ. ಇನ್ನೊಂದ ಯಾರಿಗ್ರಿ?"

"ಇಡ್ರಿ" ಎಂದ ರೇವಣಪ್ಪ.

ಶುಕ್ರವಾರ ನಾಲ್ಕು ಗಂಟೆಗೇ ಥೇಟರು ತುಂಬಿತು. ಗೌಡರು ಬರುವ ಸುದ್ದಿ ಹೇಗೋ ಹಳ್ಳಿಹಳ್ಳಿಗೆ ಹಬ್ಬಿ ಯಂಕಂಚಿಯ ಕಡೆಯವರೇ ಅರ್ಧದಷ್ಟು ಬಂದಿದ್ದರು. ಪರಮಾನಂದ ಕನ್ನಡಿಯ ಮುಂದೆ ಕೂತು ಹುಬ್ಬು ಬರೆಯಹೋದ. ಗೆರೆ ಕಿವಿಯ ತನಕ ಹೋಯಿತು. ಸುಲ್ತಾನಬಿ ಬಂದು ಅವನ ಗದ್ದ ಹಿಡಿದು, ಬಟ್ಟೆಯಿಂದ ಒರೆಸಿ, ತಾನೇ ಹುಬ್ಬು ಬರೆದಳು.

"ಕೂಗತೇನಿ ಅಕ್ಕಾ. ಇವತ್ತ ಕೂಗಿ ಮುಗಿಸಿಬಿಡತೇನಿ. ಈ ಗೌಡ ಅವ್ರಲ್ಲ ಅಂತ ಎಲ್ಲಾರೂ ತಿಳಕೊಳ್ಳಲಿ."

"ಕೂಗು" ಎಂದಳು ಅವಳು. "ನೀ ಹೆಂಗ ಮಾತಾಡಿದ್ರೂ ನಾ ಜವಾಬ ಕೊಡತೇನಿ."

ಪರದೆ ಏಳುವ ಮುಂಚೆ ಅವನು ಸಂದಿಯಲ್ಲಿ ನೋಡಿದ. ಬಸಂತರಾಯಗೌಡರು ಬಂದು ಕೂತಿದ್ದರು. ರುಮಾಲು, ಬಿಳಿ ಕೋಟು, ಕೈಯಲ್ಲಿ ಅಡಕೊತ್ತು. ಅವರ ಮಗ್ಗುಲ ಖುರ್ಚಿಯಲ್ಲಿ ಹೊನ್ನವ್ವ ಕೂತಿದ್ದಳು. ಜನ್ಮದಲ್ಲಿ ಗೌಡರ ಎದುರು ಕಟ್ಟೆಯ ಮೇಲೂ ಕೂತವಳಲ್ಲ. ಖುರ್ಚಿಯ ತುದಿಗೆ ಕೂತು ಎರಡೂ ಕೈಯನ್ನು ತೊಡೆಯ ನಡುವೆ ಒತ್ತಿ ಹಿಡಿದಿದ್ದಳು. ಪರಮಾನಂದನಿಗೆ ಹಸಿರು ಜೋಳದ ನಡುವಿನ ಆ ಜಾಗ ಕಣ್ಣ ಮುಂದೆ ಬಂತು. ಅವನು ಪರದೆಯ ಸಂದಿ ಮುಚ್ಚಿದ.

ಮೊದಲ ಅಂಕದಲ್ಲಿ ಅವನು ಕೂಗಿದ. ದನಿ ಬಿರಿದು ಬಂತು. ಹಿಂದಿನಿಂದ ಯಾರೋ ನಕ್ಕರು. ಗೌಡರೂ ಸಣ್ಣಗೆ ನಕ್ಕು ಅಡಕೆ ಕತ್ತರಿಸಿದರು. ಕಟ್ ಎಂಬ ಆ ಸಪ್ಪಳ ರಂಗದ ಮೇಲಕ್ಕೂ ಕೇಳಿಸಿತು. ಎರಡನೆಯ ಅಂಕದಲ್ಲಿ ರೈತನ ಹೆಂಡತಿ ಗೌಡನ ಎದುರು ಬಂದು ನಿಲ್ಲುವ ಸೀನು. ಸುಲ್ತಾನಬಿ ಬಂದು ನಿಂತಳು. ಅವಳ ಹೆಗಲ ಮೇಲಿಂದ ಪರಮಾನಂದನಿಗೆ ಅವ್ವನ ಮುಖ ನೇರವಾಗಿ ಕಾಣುತ್ತಿತ್ತು. ಅವಳು ಹೆದರಿದ್ದಾಳೆ ಎಂದುಕೊಂಡಿದ್ದ. ಅವಳು ಅವನನ್ನೇ ನೋಡುತ್ತಿದ್ದಳು, ಮಗ ಬಿತ್ತುವಾಗ ಸಾಲು ಸೊಟ್ಟಾಯಿತೇನೋ ಎಂದು ಬದುವಿನ ಮೇಲೆ ನಿಂತು ನೋಡುವವಳ ಹಾಗೆ.

ಅವನು ಏನನ್ನೂ ಲೆಕ್ಕ ಹಾಕಲಿಲ್ಲ. ಖುರ್ಚಿಗೆ ಒರಗಿದ. ತಲೆ ಎಡಕ್ಕೆ ವಾಲಿತು, ಬೆರಳುಗಳು ಇಲ್ಲದ ಅಡಕೊತ್ತಿನ ಮೇಲೆ ಹೋದವು.

"ಯವ್ವಾ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?"

ನೆತ್ತಿಯ ಮೇಲಿನ ಮೈಕು ಆ ಉಸಿರನ್ನೂ ಹಿಡಿದು ಥೇಟರಿನ ಕೊನೆಯ ತಗಡಿಗೆ ಮುಟ್ಟಿಸಿತು. ಕೂಸುಗಳ ಅಳು ಸಹ ನಿಂತಿತು. ಆಮೇಲೆ ನೆಲದ ಮೇಲೆ ಕೂತ ಮಂದಿಯ ತಲೆಗಳು ಒಂದೊಂದಾಗಿ ರಂಗದಿಂದ ತಿರುಗಿ ಮುಂದಿನ ಸಾಲಿನ ಬಿಳಿ ರುಮಾಲಿನ ಕಡೆಗೆ ಹೊರಳಿದವು. ಗೌಡರು ಕದಲಲಿಲ್ಲ. ಅಡಕೊತ್ತು ಬಾಯಿ ತೆರೆದುಕೊಂಡು ಅವರ ಕೈಯಲ್ಲಿ ಹಾಗೇ ಉಳಿಯಿತು.

ಅಂಕದ ಪರದೆ ಬಿತ್ತು. ಊರಿನ ದೊಡ್ಡವರು ಬಂದರೆ ಅಂಕದ ನಡುವೆ ರಂಗಕ್ಕೆ ಬಂದು ನಟರಿಗೆ ಉಡುಗೊರೆ ಕೊಟ್ಟು ಆಯೇರಿ ಮಾಡುವುದು ರೂಢಿ. ಚನ್ನಬಸಯ್ಯನವರು ಬೆವರುತ್ತ ಗೌಡರನ್ನು ಕರೆತಂದರು. ಗೌಡರು ಪರಮಾನಂದನಿಗೆ ಶಾಲು ಹೊದಿಸಿದರು. ಮೈಕಿನ ಕೆಳಗೆ ನಿಂತು ಎರಡು ಮಾತಾಡಬೇಕೆಂದು ಬಾಯಿ ತೆರೆದರು.

"ನಮ್ಮ ಊರ ಹುಡುಗ. ಛಲೋ ಮಾಡ್ಯಾನ. ಇಂವ ಸಣ್ಣಾಂವಿದ್ದಾಗಿಂದ ನಾವು ನೋಡೇವಿ."

ಅಷ್ಟೇ ಮಾತು. ಆದರೆ ಈಗಷ್ಟೇ ಕೇಳಿದ ದನಿಯೇ ಮತ್ತೆ ಬಂತು. ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಚಪ್ಪಾಳೆ ಬೀಳಬೇಕಾದಲ್ಲಿ ಯಾರೂ ಕೈ ಎತ್ತಲಿಲ್ಲ. ಗೌಡರು ಇನ್ನೊಂದು ಮಾತು ಆಡಹೋಗಿ, ತಮ್ಮ ದನಿ ತಮಗೇ ಕೇಳಿಸಿದಂತೆ, ನಿಲ್ಲಿಸಿಬಿಟ್ಟರು. ಆಚೆ ಸರಿದು, ಮೈಕಿಗೆ ಸಿಗದ ಹಾಗೆ ಪರಮಾನಂದನ ಕಿವಿಯ ಹತ್ತಿರ ಬಾಗಿದರು. ಅಡಕೆ, ಲವಂಗದ ವಾಸನೆ ಬಂತು.

"ನನ್ನ ಧ್ವನಿ ನಿನ್ನ ಕಡೆ ಇಟಗೊ. ಹೊಲ ನನ್ನ ಕಡೆ ಇರ್ಲಿ. ನಿಮ್ಮವ್ವಗ ತಿಳಿಸಿ ಹೇಳು."

ಮೂರನೆಯ ಅಂಕಕ್ಕೆ ಅವರು ಕೂರಲಿಲ್ಲ. ರೇವಣಪ್ಪ ಬಂದು ಜೀಪು ಹತ್ತೆಂದಾಗ ಹೊನ್ನವ್ವ ಏಳಲಿಲ್ಲ. "ಮಗನ ಆಟ ಮುಗದಿಲ್ಲ" ಎಂದಳು.

ಆಟ ಮುಗಿದ ಮೇಲೆ ಪರಮಾನಂದ ಬಣ್ಣ ತೊಳೆಯದೆ ಅವಳ ಮುಂದೆ ಬಂದು ಕೂತ. ಗೌಡರು ಹೇಳಿದ್ದನ್ನು ಹೇಳಿದ.

"ಅಂಜಿಕಿ ಆಗಲಿಲ್ಲೇನ ಯವ್ವಾ, ಅವ್ರ ಮಗ್ಗಲಕ ಕುಂತಾಗ?"

"ಆಗಿತ್ತು. ಹಾದಿಯುದ್ದಕ್ಕ ಒಂದ ಮಾತ ಆಡಲಿಲ್ಲ ಅವ್ರು. ಎಲ್ಲೆರೆ ಇಳಿಸಿ ಹೂಳತಾರಂತ ತಿಳದಿದ್ದೆ." ಹೊನ್ನವ್ವ ಸೆರಗು ಸರಿಮಾಡಿಕೊಂಡಳು. "ಆದ್ರ ನೀ ಅವ್ರಂಗ ಮಾತಾಡಿದಾಗ ನಾ ಅವ್ರ ಮಾರಿ ನೋಡಿದೆ. ಇಷ್ಟ ವರ್ಷದಾಗ ಮದ್ಲ ಸಲ ನೋಡಿದೆ. ಮುದುಕ ಆಗ್ಯಾರ, ಪರಮೂ."

ಸೋಮವಾರ ಆಟ ಇರಲಿಲ್ಲ. ಮಧ್ಯಾಹ್ನ ಕಂಪನಿಯವರೆಲ್ಲ ಊಟಕ್ಕೆ ಕೂತಿದ್ದಾಗ ಥೇಟರಿನ ಹಿಂದಿನಿಂದ ಹೊಗೆ ಎದ್ದಿತು. ಪರದೆಗಳು ಎಣ್ಣೆಬಣ್ಣದವು, ಗಳ ಒಣಗಿದವು. ಬಾವಿಯಿಂದ ನಾಲ್ಕು ಕೊಡ ನೀರು ತರುವಷ್ಟರಲ್ಲಿ ಅರಮನೆ, ಕಾಡು, ಬೀದಿ, ರೈತನ ಗುಡಿಸಲು ಎಲ್ಲವೂ ಬೂದಿಯಾಗಿ ಕಾದು ಸೊಟ್ಟಾದ ತಗಡುಗಳಷ್ಟೇ ಉಳಿದವು. ಒಲೆಯ ಕಿಡಿ ಹಾರಿ ಆದದ್ದೆಂದು ಪಂಚನಾಮೆಯಲ್ಲಿ ಬರೆದರು. ಅವತ್ತು ಒಲೆ ಹಚ್ಚಿದ್ದು ಥೇಟರಿನಿಂದ ನೂರು ಹೆಜ್ಜೆ ದೂರ, ಗಾಳಿ ಬೀಸುತ್ತಿದ್ದುದು ಆಚೆಗೆ. ಯಾರು ಮಾಡಿದರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಚನ್ನಬಸಯ್ಯನವರು ಎರಡು ದಿನ ಆ ಬೂದಿಯ ಹತ್ತಿರ ಖುರ್ಚಿ ಹಾಕಿಕೊಂಡು ಕೂತಿದ್ದರು. ಮೂರನೆಯ ದಿನ ಪರಮಾನಂದನನ್ನು ಕರೆದರು.

"ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲಪಾ. ಅಂಥಾ ಪಾರ್ಟ ನಾ ನೋಡಿಲ್ಲ. ಆದ್ರ ನಿನ್ನ ಕರಕೊಂಡು ಇನ್ನೊಂದ ಊರಿಗಿ ಹೋಗಾಕ ನನಗ ಧೈರ್ಯಿಲ್ಲ."

ಕಂಪನಿ ಒಡೆಯಿತು. ಸುಲ್ತಾನಬಿ ಗದಗಿನ ಕಡೆಯ ಬೇರೆ ಕಂಪನಿಗೆ ಹೋದಳು. ಬಸ್ಸು ಹತ್ತುವಾಗ ಅವಳು ಅವನ ತಲೆಯ ಮೇಲೆ ಕೈಯಿಟ್ಟು, "ನಾನ ನಿನಗ ಅವ್ರನ್ನ ತಂದು ನಿಂದರಸು ಅಂದಾಕಿ. ಅದೊಂದ ನನ್ನ ಎದಿಯಾಗ ಇರತೈತಿ" ಎಂದಳು. ಅವನು ಅವಳ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಏರಿಸಿಕೊಟ್ಟ.

ಊರು ಬಿಟ್ಟ ಹದಿನಾರು ವರ್ಷದ ಮೇಲೆ ಅವನು ಮರಳಿದ. ತಾಯಿ ಮಗನೊಡನೆ ಊರು ಮಾತು ಬಿಟ್ಟಿತ್ತು. ಬಿತ್ತುವ ಕೂರಿಗೆ ಕೇಳಿದರೆ ಮುರಿದಿದೆ ಎನ್ನುತ್ತಿದ್ದರು. ಹೊಲಕ್ಕೆ ಹೋಗುವಾಗ ಹೊನ್ನವ್ವ ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ, ಕೈಯಲ್ಲಿ ಒಂದು ಬಡಿಗೆ. ಅದೇ ಅವನು ಆ ವರ್ಷ ಹೊತ್ತ ಪಾತ್ರ.

ಎಪ್ಪತ್ತೇಳರಲ್ಲಿ ಸಿಂದಗಿಯಲ್ಲಿ ಟ್ರಿಬ್ಯೂನಲ್ಲಿನ ವಿಚಾರಣೆ ನಡೆಯಿತು. ಗೌಡರ ಪರವಾಗಿ ಹನ್ನೊಂದು ಮಂದಿ ಬಂದು, ಆ ಹೊಲ ಮೊದಲಿನಿಂದ ಗೌಡರೇ ಆಳು ಹಚ್ಚಿ ಮಾಡಿಸುತ್ತಿದ್ದರೆಂದು ಹೇಳಿದರು. ಹೊನ್ನವ್ವನ ಪರವಾಗಿ ಯಾರಿದ್ದಾರೆಂದು ಕೇಳಿದಾಗ ಯಾರೂ ಏಳಲಿಲ್ಲ. ಪರಮಾನಂದ ತಲೆ ತಗ್ಗಿಸಿದ. ಬಾಗಿಲಲ್ಲಿ ಕೋಲೂರಿಕೊಂಡು ನಿಂತಿದ್ದ ಒಬ್ಬ ಮುದುಕ ಒಳಗೆ ಬಂದ. ಗುರಪ್ಪ. ಹಿಂದೆ ಬಣವೆ ಸುಟ್ಟುಕೊಂಡ ಅವನೂ ಗೌಡರು ಬಂದ ಶುಕ್ರವಾರ ನೆಲದ ಟಿಕೀಟಿನಲ್ಲಿ ಕೂತು ಆಟ ನೋಡಿದ್ದ.

"ನಮ್ಮ ಹೊಲ ಅದರ ಬಾಜೂಕ ಐತ್ರಿ" ಎಂದ. "ಮೂವತ್ತ ವರ್ಷ ಈಕಿ ಗಂಡ, ಆಮ್ಯಾಲೆ ಈಕಿ, ಇಬ್ಬರನ್ನ ಬಿಟ್ರ ಅಲ್ಲಿ ಮೇಳಿ ಹಿಡದಾವ್ರನ್ನ ನಾ ಕಂಡಿಲ್ರಿ."

ಅವನಿಂದ ಧೈರ್ಯ ಬಂದು ಇನ್ನಿಬ್ಬರು ಎದ್ದರು. ಮರುವರ್ಷ ಆರು ಎಕರೆಯೂ ಹೊನ್ನವ್ವನ ಹೆಸರಿಗೆ ಆದೇಶವಾಯಿತು. ಗುರಪ್ಪ ಮಾತ್ರ ಅದನ್ನು ಕೇಳಲು ಇರಲಿಲ್ಲ. ಸಾಕ್ಷಿ ಹೇಳಿ ಬಂದ ಇಪ್ಪತ್ತನೆಯ ದಿನ ತನ್ನ ಹೊಲದ ಬಾವಿಯಲ್ಲಿ ಸಿಕ್ಕಿದ. ಕಾಲು ಜಾರಿರಬೇಕೆಂದರು, ವಯಸ್ಸಾಗಿತ್ತು ಎಂದರು. ಅವನ ಕೋಲು ಬಾವಿಯ ಕಟ್ಟೆಗೆ ಒರಗಿಸಿಟ್ಟ ಹಾಗೆಯೇ ಇತ್ತು. ಪರಮಾನಂದ ಹೆಣಕ್ಕೆ ಹೆಗಲು ಕೊಟ್ಟ.

ಬಾಗೇವಾಡಿಗೆ ಬಂದ ಹೊಸ ಕಂಪನಿಯವರು ಅವನನ್ನು ಹುಡುಕಿಕೊಂಡು ಬಂದರು. ಹೋದ. ಗೌಡನ ಪಾತ್ರ ಒಲ್ಲೆನೆಂದ. ಟಪಾಲಿನವನ ಪಾತ್ರ ಸಾಕೆಂದಾಗ ಅವರು ತಮಾಷೆ ಎಂದುಕೊಂಡರು, ಆಮೇಲೆ ಒಪ್ಪಿದರು. ಸುಗ್ಗಿಗೆ, ಬಿತ್ತಿಗೆಗೆ ಊರಿಗೆ ಬರುವುದು, ಉಳಿದ ದಿನ ಕಂಪನಿಯಲ್ಲಿರುವುದು ಎಂದು ಅವನ ಬದುಕು ಒಂದು ಹದಕ್ಕೆ ಬಂತು.

ಎಪ್ಪತ್ತೊಂಬತ್ತರ ಜೂನ್ ತಿಂಗಳಲ್ಲಿ ಬಸಂತರಾಯಗೌಡರು ತೀರಿಕೊಂಡರು. ಅವನು ಬಿತ್ತಿಗೆಗೆಂದು ಊರಲ್ಲಿದ್ದ. ಹೋಗಬೇಡವೆಂದು ಹೊನ್ನವ್ವ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ಅವನು ಹೋಗಿ ಹಿಂದೆ ನಿಂತ. ಮಣ್ಣು ಮುಗಿದು ಮಂದಿ ಚದುರುವಾಗ ಗೌಡರ ಮಗ, ಬಿಜಾಪುರದಲ್ಲಿ ವಕೀಲಿ ಓದಿದವನು, ಮಂದಿಯನ್ನು ದಾಟಿ ಅವನ ಹತ್ತಿರ ಬಂದ. ದೊಡ್ಡ ದನಿಯವನು, ನಗುಮೊಗದವನು. ಪರಮಾನಂದನ ಹೆಗಲ ಮೇಲೆ ಕೈ ಹಾಕಿದ.

"ಬಂದ್ರಿ, ಛಲೋ ಆತು. ಅಪ್ಪಾರಿಗಿ ನಿಮ್ಮ ಆಟ ಭಾಳ ಮನಸಿಗಿ ಹಿಡದಿತ್ತು" ಎಂದ. "ಹೊಲದ್ದು ಹೈಕೋರ್ಟಿಗಿ ಹಾಕೇವ್ರಿ. ನಿಮಗ ನೋಟೀಸ ಬರತೈತಿ. ವಿಶ್ವಾಸ ಕೆಡಸ್ಕೊಳ್ಳೂದ ಬ್ಯಾಡ."

ಪರಮಾನಂದ ಮನೆಗೆ ಬಂದು ಕಾಲು ತೊಳೆದ. ಹೊನ್ನವ್ವ ಮೊರದಲ್ಲಿ ತೊಗರಿ ಬೀಜ ಆರಿಸುತ್ತ ಕೂತಿದ್ದಳು. ಅವನು ಹೇಳಿದ್ದನ್ನು ಕೇಳಿ ಒಂದು ಹುಳುಕು ಕಾಳನ್ನು ಹೆಕ್ಕಿ ಹೊರಗೆ ಎಸೆದಳು.

"ತಾರೀಖ ಯಾವಾಗ ಅಂತ?"

"ಹೇಳಲಿಲ್ಲ."

"ಹಂಗಾದ್ರ ಹೋಗಿ ಯಂಕಂಚಿಯಿಂದ ಕೂರಿಗಿ ತಗೊಂಡ ಬಾ. ಹೊತ್ತ ಮುಳುಗೂದ್ರಾಗ ಬಾ, ದೊಡ್ಡ ಹಾದಿ ಹಿಡದು ಬಾ."

ಅವನು ಬಡಿಗೆ ತೆಗೆದುಕೊಂಡು ಹೊರಟ.